ಮೇಲ್ಮನವಿ ತಳ್ಳಿಹೋದ ಮೇಲೆ: ಆದವಾನಿ ಸೀಮೆಗೆ ರಿಟ್ಟಿನ ಬಾಗಿಲು ತೆರೆದ ಬಗೆ

ಆದವಾನಿ ಸೀಮೆಯ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಬೆಟ್ಟದ ಮೇಲಿನ ಕೋಟೆಯಿಂದ ಆರಂಭಿಸುತ್ತಾರೆ. ಸಿದ್ದಿ ಮಸೂದ್ ಖಾನನ ಜಾಮಿಯಾ ಮಸೀದಿ, 1786ರ ಟಿಪ್ಪುವಿನ ಮುತ್ತಿಗೆ, ತುಂಗಭದ್ರೆಯ ದಡದ ಮಂತ್ರಾಲಯ, ಆಲೂರು ತಾಲೂಕಿನ ಚಿಪ್ಪಗಿರಿಯಲ್ಲಿ ನೆಲೆಸಿದ್ದ ವಿಜಯದಾಸರು, ಹತ್ತಿಯ ಪೇಟೆ. ಇವೆಲ್ಲವೂ ನಮ್ಮ ಸಂಘದ ಹಿಂದಿನ ಸಂಚಿಕೆಗಳಲ್ಲಿ ಬಂದಿರುವ ವಿಷಯಗಳೇ. ಈ ಬಾರಿ ನಾವು ಅಷ್ಟು ಸೊಗಸಿಲ್ಲದ ಇನ್ನೊಂದು ಇತಿಹಾಸವನ್ನು ಓದುಗ ಬಾಂಧವರ ಮುಂದಿಡಲು ಇಚ್ಛಿಸುತ್ತೇವೆ. ಅದು ಅರ್ಜಿಗಳ ಇತಿಹಾಸ. ನಮ್ಮ ಜನ ಮನೆ ಕಟ್ಟಲು, ಅಂಗಡಿ ಹಾಕಲು, ಹೊಲವನ್ನು ನಿವೇಶನವನ್ನಾಗಿ ಮಾಡಲು, ಶಾಲೆಗೊಂದು ಕೋಣೆ ಸೇರಿಸಲು ಅರ್ಜಿ ಕೊಡುತ್ತಾರೆ. ಅರ್ಜಿ ತಿರಸ್ಕೃತವಾಗುತ್ತದೆ. ಮೇಲಿನವರಿಗೆ ಮೇಲ್ಮನವಿ ಸಲ್ಲಿಸುತ್ತಾರೆ. ಅದೂ ತಳ್ಳಿಹೋಗುತ್ತದೆ. ಅಲ್ಲಿಂದ ಮುಂದೆ ಎಲ್ಲಿಗೆ?

‘ಕೋರ್ಟಿಗೆ’ ಎಂದು ಇಂದು ಯಾರಾದರೂ ಥಟ್ಟನೆ ಹೇಳಿಯಾರು. ಆದರೆ ಸರ್ಕಾರದ ತೀರ್ಮಾನವನ್ನು ಉಚ್ಚ ನ್ಯಾಯಾಲಯದಲ್ಲಿ ನೇರವಾಗಿ ಪ್ರಶ್ನಿಸುವ ಈ ಹಾದಿಗೆ ನಮ್ಮ ಸೀಮೆಯಲ್ಲಿ ಇನ್ನೂ ಎಂಬತ್ತು ವರ್ಷ ತುಂಬಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಬಾಗಿಲು ಆದವಾನಿಯವರಿಗೆ ಮುಚ್ಚಿತ್ತು. ಮದರಾಸು ನಗರದವರಿಗೆ ಮಾತ್ರ ತೆರೆದಿತ್ತು.

ಒಮ್ಮೆ ಆದ ತೀರ್ಪನ್ನು ಮತ್ತೆ ತೆರೆದು ನೋಡುವ ಕಲ್ಪನೆ ಆಂಗ್ಲರೊಡನೆ ಬಂದದ್ದೇನಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ರಚಿಸಿದನು. ಆ ವ್ಯಾಖ್ಯಾನಕ್ಕೆ ಆಧಾರವಾದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕುಲ, ಶ್ರೇಣಿ, ಪೂಗ, ರಾಜನಿಯುಕ್ತರೆಂಬ ಏರುಕ್ರಮದ ನ್ಯಾಯಸ್ಥಾನಗಳಿವೆ. ಕೆಟ್ಟದಾಗಿ ವಿಚಾರಿಸಲ್ಪಟ್ಟ ವ್ಯಾಜ್ಯವನ್ನು ರಾಜನು ಪುನಃ ವಿಚಾರಿಸಿ, ತಪ್ಪಿದ ಸಭ್ಯರಿಗೂ ಅನ್ಯಾಯವಾಗಿ ಗೆದ್ದವನಿಗೂ ಇಮ್ಮಡಿ ದಂಡ ವಿಧಿಸಬೇಕೆಂಬ ವಿಧಿಯೂ ಇದೆ. ನ್ಯಾಯಾಧೀಶನಿಗೇ ದಂಡ! ಆ ಭಾಗವನ್ನು ಆಂಗ್ಲರು ಅಳವಡಿಸಿಕೊಳ್ಳಲಿಲ್ಲ.

1800ರಲ್ಲಿ ನಿಜಾಮನು ದತ್ತಮಂಡಲವನ್ನು ಕಂಪನಿಗೆ ಬಿಟ್ಟುಕೊಟ್ಟಾಗ ನಮ್ಮ ಸೀಮೆ ಥಾಮಸ್ ಮನ್ರೋನ ಆಡಳಿತಕ್ಕೆ ಬಂದಿತು. ಮುಂದೆ ಅದು ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದರಾಸು ಪ್ರಾಂತದಲ್ಲಿ ಉಳಿಯಿತು. ಭೂಮಿಯ ವಿಷಯದಲ್ಲಿ ರೈತನ ದಾರಿ ತಹಸೀಲ್ದಾರನಿಂದ ಕಲೆಕ್ಟರನಿಗೆ, ಕಲೆಕ್ಟರನಿಂದ ಮದರಾಸಿನ ಕಂದಾಯ ಮಂಡಳಿಗೆ, ಅಲ್ಲಿಂದ ಸರ್ಕಾರಕ್ಕೆ. ಅಪ್ಪಣೆ ಕೊಟ್ಟವರೂ ಅಪೀಲು ಕೇಳುವವರೂ ಒಂದೇ ಮನೆಯವರು. ಮದರಾಸಿನಲ್ಲಿ 1801ರಿಂದ ಸುಪ್ರೀಂ ಕೋರ್ಟ್, 1862ರಿಂದ ಹೈಕೋರ್ಟ್ ಇದ್ದವಲ್ಲ ಎಂದರೆ, ಇಂಗ್ಲೆಂಡಿನ ರಾಜನ ಪೀಠದ ರಿಟ್ಟುಗಳನ್ನು ಹೊರಡಿಸುವ ಆ ನ್ಯಾಯಾಲಯದ ಮೂಲಾಧಿಕಾರವು ನಗರದ ಎಲ್ಲೆಗೆ ಸೀಮಿತವಾಗಿತ್ತು. ಅದಲ್ಲದೆ ಕಂದಾಯದ ವಿಷಯಕ್ಕೆ ನ್ಯಾಯಾಲಯ ಕೈಹಾಕಬಾರದೆಂದು 1781ರಲ್ಲೇ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಹಾಕಿದ ಬೇಲಿಯನ್ನು 1935ರ ಭಾರತ ಸರ್ಕಾರದ ಕಾಯಿದೆಯವರೆಗೂ ಬೇರೆ ಬೇರೆ ರೂಪದಲ್ಲಿ ಉಳಿಸಿಕೊಂಡು ಬರಲಾಯಿತು.

ಮುನ್ಸೀಫ್ ಕೋರ್ಟಿನಲ್ಲಿ ಸರ್ಕಾರದ ಮೇಲೆ ದಾವೆ ಹೂಡುವ ಅವಕಾಶವಿತ್ತು, ನಿಜ. ಮೊದಲು ಎರಡು ತಿಂಗಳ ನೋಟೀಸು, ಅನಂತರ ವರ್ಷಗಟ್ಟಲೆ ವಿಚಾರಣೆ, ಮೇಲೆ ‘ಈ ವಿಷಯದಲ್ಲಿ ಅಧಿಕಾರಿಯ ತೀರ್ಮಾನವೇ ಅಂತಿಮ’ ಎಂದು ಆಯಾ ಕಾಯಿದೆಗಳಲ್ಲಿ ಬರೆದಿಟ್ಟ ವಾಕ್ಯದ ಅಡ್ಡಿ. ಅಡಿಕೆಯ ಮೇಲಿನ ಸುಂಕಕ್ಕಾಗಿ ಮದರಾಸು ಪ್ರಾಂತದಲ್ಲಿ ಹುಟ್ಟಿದ ಮಾಸ್ಕ್ ಕಂಪನಿಯ ಮೊಕದ್ದಮೆಯಲ್ಲಿ 1940ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಒಂದು ಮಾತನ್ನು ಸ್ಪಷ್ಟಗೊಳಿಸಿತು. ಅಂತಿಮವೆಂದು ಬರೆದಿದ್ದರೂ, ಅಧಿಕಾರಿಯು ಕಾಯಿದೆಯ ವಿಧಿಗಳನ್ನು ಪಾಲಿಸಿದನೇ, ವಿಚಾರಣೆಯ ಮೂಲಧರ್ಮವನ್ನು ಮೀರಿದನೇ ಎಂಬಷ್ಟನ್ನು ಸಿವಿಲ್ ಕೋರ್ಟು ನೋಡಬಹುದು. ತತ್ತ್ವ ಚೆನ್ನಾಗಿಯೇ ಇತ್ತು. ಕಂಪನಿಯವರು ಮಾತ್ರ ಸೋತರು.

ಈಗ ಪಟ್ಟಣ ಯೋಜನೆಯ ಮಾತಿಗೆ ಬರೋಣ. ಅದರ ಬೇರು ಇಂಗ್ಲೆಂಡಿನಲ್ಲಿದೆ. ‘ಪಟ್ಟಣ ಯೋಜನೆ’ ಎಂಬ ಶಬ್ದ ಬ್ರಿಟಿಷ್ ಶಾಸನದ ಹೆಸರಿನಲ್ಲಿ ಮೊದಲು ಕಾಣಿಸಿಕೊಂಡದ್ದು 1909ರ ವಸತಿ ಮತ್ತು ಪಟ್ಟಣ ಯೋಜನಾ ಕಾಯಿದೆಯಲ್ಲಿ. ಅದೇ ಕಾಯಿದೆಯ ಅಡಿಯಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಪುರಸಭೆಯು ಆರ್ಲಿಜ್ ಎಂಬವನ ಮನೆಯೊಂದನ್ನು ಮನುಷ್ಯವಾಸಕ್ಕೆ ಅಯೋಗ್ಯವೆಂದು ಸಾರಿ ಮುಚ್ಚಿಸಿತು. ಆತ ಮನೆಯನ್ನು ದುರಸ್ತಿ ಮಾಡಿಸಿ, ಆಜ್ಞೆಯನ್ನು ತೆಗೆಯಿರೆಂದು ಕೇಳಿದ. ಪುರಸಭೆ ಒಪ್ಪಲಿಲ್ಲ. ಸ್ಥಳೀಯ ಸರ್ಕಾರ ಮಂಡಳಿಗೆ ಅಪೀಲು ಹೋದ. ಮಂಡಳಿಯು ಒಬ್ಬ ಇನ್‌ಸ್ಪೆಕ್ಟರನನ್ನು ಕಳುಹಿಸಿತು. ಆತ ಬಹಿರಂಗ ವಿಚಾರಣೆ ನಡೆಸಿ, ಮನೆ ನೋಡಿ, ವರದಿ ಬರೆದ. ವರದಿಯಲ್ಲಿ ಏನಿತ್ತೋ ಆರ್ಲಿಜ್‌ಗೆ ತೋರಿಸಲಿಲ್ಲ. ತೀರ್ಮಾನಿಸುವವರ ಮುಂದೆ ನಿಂತು ಮಾತಾಡುವ ಅವಕಾಶವನ್ನೂ ಕೊಡಲಿಲ್ಲ. ಅಪೀಲು ವಜಾ ಎಂಬ ಕಾಗದ ಬಂದಿತು.

ಆತ ಕೋರ್ಟಿಗೆ ಹೋದ. ಅಪೀಲು ನ್ಯಾಯಾಲಯದಲ್ಲಿ ಬಹುಮತದಿಂದ ಗೆದ್ದ. ಆದರೆ 1915ರ ಕಾನೂನು ವರದಿಗಳಲ್ಲಿ ಪ್ರಕಟವಾದ ಹೌಸ್ ಆಫ್ ಲಾರ್ಡ್ಸ್ ತೀರ್ಪಿನಲ್ಲಿ ಸೋತ. ಸರ್ಕಾರದ ಇಲಾಖೆಯು ನ್ಯಾಯಬುದ್ಧಿಯಿಂದ ನಡೆದುಕೊಳ್ಳಬೇಕು, ಆದರೆ ಅದು ನ್ಯಾಯಾಲಯದ ರೀತಿಯಲ್ಲೇ ನಡೆಯಬೇಕಾಗಿಲ್ಲ. ವರದಿಯನ್ನು ಬಹಿರಂಗಪಡಿಸುವ ಕರ್ತವ್ಯವೂ ಅದಕ್ಕಿಲ್ಲ ಎಂದು ಲಾರ್ಡ್ ಹಾಲ್ಡೇನ್ ಮೊದಲಾದವರು ತೀರ್ಮಾನಿಸಿದರು. ನಮಗೆ ಈ ತೀರ್ಪು ಒಪ್ಪಿಗೆಯಾಗುವುದಿಲ್ಲ. ತನ್ನ ಮನೆಯ ವಿಷಯದಲ್ಲಿ ಬರೆದ ವರದಿಯನ್ನು ತಾನೇ ಓದಬಾರದೆಂದರೆ ಅದು ಯಾವ ವಿಚಾರಣೆ? ಆಂಗ್ಲರಿಗೂ ಕೊನೆಗೆ ಅದು ಸರಿಕಾಣಲಿಲ್ಲ. 1957ರ ಫ್ರಾಂಕ್ಸ್ ಸಮಿತಿಯ ಶಿಫಾರಸಿನ ಮೇಲೆ ಇನ್‌ಸ್ಪೆಕ್ಟರರ ವರದಿಗಳನ್ನು ಕಕ್ಷಿಗಾರರಿಗೆ ಕೊಡುವ ಪದ್ಧತಿ ಬಂದಿತು. ಆರ್ಲಿಜ್ ಕೇಳಿದ್ದು ನಾಲ್ಕು ದಶಕಗಳ ತರುವಾಯ ಬೇರೆಯವರಿಗೆ ದೊರೆಯಿತು.

ನಮ್ಮ ಪ್ರಾಂತಕ್ಕೂ ಈ ಗಾಳಿ ಬೀಸಿತು. ಪ್ಯಾಟ್ರಿಕ್ ಗೆಡ್ಡೀಸ್ 1914-15ರಲ್ಲಿ ಮದರಾಸು ಪ್ರಾಂತದ ಪಟ್ಟಣಗಳನ್ನು ಸುತ್ತಿ ವರದಿ ಬರೆದರು. ಲ್ಯಾಂಚೆಸ್ಟರ್ ಎಂಬ ವಾಸ್ತುತಜ್ಞರು ಸರ್ಕಾರದ ಸಲಹೆಗಾರರಾದರು. 1920ರಲ್ಲಿ ಮದರಾಸು ಪಟ್ಟಣ ಯೋಜನಾ ಕಾಯಿದೆ ಜಾರಿಗೆ ಬಂದಿತು. ಆಂಧ್ರ ಭಾಗದಲ್ಲಿ ಹೆಸರು ಬದಲಾಯಿಸಿಕೊಂಡು ಮುಂದುವರಿದದ್ದು ಈ ಕಾಯಿದೆಯೇ. ಹತ್ತಿಯ ಜಿನ್ನುಗಳೂ ಎಣ್ಣೆಯ ಗಿರಣಿಗಳೂ ಮನೆಗಳ ಮಗ್ಗುಲಲ್ಲೇ ಎದ್ದು ನಿಂತ ಆದವಾನಿಯಂಥ ಊರಿಗೆ ಇಂಥ ಕಾನೂನು ಬೇಕಾಗಿಯೇ ಇತ್ತು. ಆದರೆ ಯೋಜನೆಗೆ ಮಂಜೂರಾತಿ ಕೊಡುವುದು ಸರ್ಕಾರ, ಆಕ್ಷೇಪ ಕೇಳುವುದೂ ಸರ್ಕಾರ. ಆರ್ಲಿಜ್ ಸೋತರೂ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲನ್ನಾದರೂ ಹತ್ತಿದ. ಆದವಾನಿಯವನಿಗೆ ಆ ಮೆಟ್ಟಿಲೂ ಇರಲಿಲ್ಲ.

ಇರಲಿಲ್ಲವೆಂಬುದು ಖಚಿತವಾದದ್ದು 1943ರಲ್ಲಿ. ಪ್ರಾಂತದ ಉತ್ತರದ ತುದಿಯ ಗಂಜಾಂ ಜಿಲ್ಲೆಯಲ್ಲಿ ಪರ್ಲಾಕಿಮಿಡಿ ಜಮೀನ್ದಾರಿಯ ಗಾರಬಂಧ ಮೊದಲಾದ ಗ್ರಾಮಗಳ ರೈತರಿಗೂ ಜಮೀನ್ದಾರರಿಗೂ ಗೇಣಿಯ ವಿಷಯದಲ್ಲಿ ವಿವಾದವೆದ್ದಿತು. ಮದರಾಸಿನ ಕಂದಾಯ ಮಂಡಳಿಯ ಆಜ್ಞೆ ರೈತರಿಗೆ ವಿರುದ್ಧವಾಯಿತು. ಆಜ್ಞೆಯನ್ನು ರದ್ದುಪಡಿಸುವ ಸರ್ಷಿಯೊರರಿ ಎಂಬ ರಿಟ್ಟನ್ನು ಕೋರಿ ಅವರು ಮದರಾಸು ಹೈಕೋರ್ಟಿಗೆ ಹೋದರು. ಅಲ್ಲಿ ಸೋತು ಪ್ರಿವಿ ಕೌನ್ಸಿಲಿಗೂ ಹೋದರು. ಅವರ ವಾದ ಸರಳವಾಗಿತ್ತು: ಮಂಡಳಿಯ ಕಚೇರಿ ಮದರಾಸು ನಗರದೊಳಗೇ ಇದೆಯಲ್ಲ, ಹಾಗಾದರೆ ಹೈಕೋರ್ಟಿಗೆ ಅಧಿಕಾರವೇಕಿಲ್ಲ? ಕಚೇರಿ ಎಲ್ಲಿದೆ ಎಂಬುದು ಮುಖ್ಯವಲ್ಲ, ವಿವಾದದ ಭೂಮಿಯೂ ಕಕ್ಷಿಗಾರರೂ ನಗರದ ಎಲ್ಲೆಯ ಹೊರಗಿದ್ದಾರೆ. ಆದ್ದರಿಂದ ರಿಟ್ಟು ಹೊರಡಿಸುವ ಅಧಿಕಾರವಿಲ್ಲವೆಂದು ಪ್ರಿವಿ ಕೌನ್ಸಿಲ್ ಅಪೀಲನ್ನು ವಜಾಗೊಳಿಸಿತು.

ಗಂಜಾಮಿಗೂ ನಮಗೂ ನೂರಾರು ಮೈಲಿ ದೂರ. ಆದರೂ ಆ ತೀರ್ಪು ಆದವಾನಿ, ಆಲೂರು, ರಾಯದುರ್ಗ, ಬಳ್ಳಾರಿಗಳಿಗೆಲ್ಲ ಸಮನಾಗಿ ಅನ್ವಯಿಸಿತು. ಮದರಾಸಿನ ಜಾರ್ಜ್ ಟೌನಿನಲ್ಲಿ ಒಬ್ಬ ವರ್ತಕನಿಗಿದ್ದ ರಕ್ಷಣೆ ಕೌತಾಳದ ಅಥವಾ ಹೊಳಗುಂದದ ರೈತನಿಗೆ ಇಲ್ಲವೆಂದು ಅತ್ಯುನ್ನತ ನ್ಯಾಯಪೀಠವೇ ಮುದ್ರೆಯೊತ್ತಿದಂತಾಯಿತು.

ಆ ಗೋಡೆ ಉರುಳಿದ್ದು 1950ರ ಜನವರಿ 26ರಂದು. ಸಂವಿಧಾನದ 226ನೇ ವಿಧಿಯು ಪ್ರತಿ ಉಚ್ಚ ನ್ಯಾಯಾಲಯಕ್ಕೂ ತನ್ನ ಸಮಸ್ತ ವ್ಯಾಪ್ತಿಯಲ್ಲಿ ರಿಟ್ಟು ಹೊರಡಿಸುವ ಅಧಿಕಾರವನ್ನು ಕೊಟ್ಟಿತು. ಗಣರಾಜ್ಯೋತ್ಸವದಂದು ನಾವು ಶಾಲೆಗಳಲ್ಲಿ ಧ್ವಜಾರೋಹಣ ಮಾಡಿ ಮಕ್ಕಳಿಗೆ ಮೂಲಭೂತ ಹಕ್ಕುಗಳನ್ನು ಹೇಳಿಕೊಡುತ್ತಾ ಬಂದಿದ್ದೇವೆ; ಈ ಒಂದು ವಿಧಿಯನ್ನು ಹೇಳಿಕೊಟ್ಟವರು ವಿರಳ. ಹಳ್ಳಿಯವನಿಗೂ ನಗರದವನಿಗೂ ನಡುವೆ ಇದ್ದ ಸುಮಾರು ನೂರೈವತ್ತು ವರ್ಷಗಳ ಭೇದ ಅಂದೇ ಅಳಿಯಿತು.

ಹೊಸ ಬಾಗಿಲೆಂದ ಮೇಲೆ ಮೊದಮೊದಲು ಕಿರುಗುಟ್ಟದೆ ಇರದು. 1953ರಲ್ಲಿ ಶಾಕಾ ವೆಂಕಟರಾವ್ ಮೊಕದ್ದಮೆಯಲ್ಲಿ, ದೆಹಲಿಯಲ್ಲಿ ಕಚೇರಿಯಿರುವ ಚುನಾವಣಾ ಆಯೋಗಕ್ಕೆ ಮದರಾಸು ಹೈಕೋರ್ಟು ರಿಟ್ಟು ಕಳುಹಿಸಲಾರದೆಂದು ಸುಪ್ರೀಂ ಕೋರ್ಟ್ ಹೇಳಿತು. ಮತ್ತೆ ಎಲ್ಲೆಯದೇ ತಗಾದೆ! 1963ರ ಹದಿನೈದನೆಯ ತಿದ್ದುಪಡಿಯವರೆಗೆ ಅದು ಪರಿಹಾರವಾಗಲಿಲ್ಲ. ನಮ್ಮ ನೆರೆಯ ಮೈಸೂರಿನಿಂದ ಹೋದ ಇನ್ನೊಂದು ಮೊಕದ್ದಮೆ ಒಳ್ಳೆಯ ಫಲ ಕೊಟ್ಟಿತು. ತರೀಕೆರೆ ಕ್ಷೇತ್ರದ ಚುನಾವಣಾ ತಕರಾರಿನಿಂದ ಹುಟ್ಟಿದ ಬಸಪ್ಪ-ನಾಗಪ್ಪ ಮೊಕದ್ದಮೆಯಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು, ಇಂಗ್ಲೆಂಡಿನ ಹಳೆಯ ರಿಟ್ಟುಗಳ ತಾಂತ್ರಿಕ ತೊಡಕುಗಳಿಗೆ ನಾವು ಕಟ್ಟುಬೀಳಬೇಕಾಗಿಲ್ಲವೆಂದಿತು. ಜೊತೆಗೇ, ರಿಟ್ಟು ಅಪೀಲಲ್ಲ ಎಂಬ ಮೂಲತತ್ತ್ವವನ್ನು ಬಿಡಲೂ ಇಲ್ಲ.

ಬಾಗಿಲು ತೆರೆದ ಮೂರು ವರ್ಷಗಳಲ್ಲಿ ಮನೆಯೇ ಬದಲಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿ, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದಕ್ಕೆ ಸೇರಿದವು. ಉಳಿದ ತಾಲೂಕುಗಳು ಮೈಸೂರಿಗೆ ಹೋದವು. ನ್ಯಾಯಮೂರ್ತಿ ವಾಂಛೂ ಅವರ ವರದಿ, ಬಳ್ಳಾರಿ ತಾಲೂಕಿನ ಬಗ್ಗೆ ನ್ಯಾಯಮೂರ್ತಿ ಮಿಶ್ರಾ ಅವರ ವರದಿ, ಇವುಗಳ ಚರ್ಚೆ ನಮ್ಮ ಸಂಘಗಳಲ್ಲಿ ಇಂದಿಗೂ ಬಿಸಿಯಾಗಿಯೇ ನಡೆಯುತ್ತದೆ; ಅದನ್ನು ಇಲ್ಲಿ ಕೆದಕುವುದಿಲ್ಲ. ಒಂದನ್ನು ಮಾತ್ರ ಗಮನಿಸಬೇಕು. ಸಂವಿಧಾನದ 3ನೇ ವಿಧಿಯಂತೆ ಗಡಿಯನ್ನು ಎಳೆಯುವುದು ಸಂಸತ್ತು. ಆ ರೇಖೆಯ ಮೇಲೆ ಅಪೀಲು ಕೇಳುವವರಿಲ್ಲ. ಒಂದು ಗೋಡೆಗೆ ಅನುಮತಿ ಸಿಗದಿದ್ದರೆ ಪ್ರಶ್ನಿಸಬಹುದು. ಊರಿಗೆ ಊರೇ ರಾಜ್ಯ ಬದಲಾಯಿಸಿದರೆ ಪ್ರಶ್ನಿಸಲು ಪೀಠವಿಲ್ಲ.

ಅಲ್ಲಿಂದ ಮುಂದೆ ಆದವಾನಿಯವರ ಹೈಕೋರ್ಟು ಊರೂರು ತಿರುಗಿತು. 1954ರ ಜುಲೈ 5ರವರೆಗೆ ಮದರಾಸು, ಅನಂತರ ಗುಂಟೂರು, 1956ರಿಂದ ಹೈದರಾಬಾದು, 2019ರ ಜನವರಿ 1ರಿಂದ ಅಮರಾವತಿ. ಒಂದು ಆಯುಷ್ಯದಲ್ಲಿ ನಾಲ್ಕು ಊರು. ಬಳ್ಳಾರಿಯಲ್ಲಿ ಉಳಿದ ನಮ್ಮ ಬಂಧುಗಳಿಗೆ ಬೆಂಗಳೂರಿನ ದೂರವೂ ತಪ್ಪಿ, 2008ರಿಂದ ಧಾರವಾಡದಲ್ಲೇ ಪೀಠ ದೊರೆತಿದೆ. ರಾಯಲಸೀಮೆಗೆ ರಾಜಧಾನಿ ಅಥವಾ ಹೈಕೋರ್ಟು ಎಂಬ 1937ರ ಶ್ರೀಬಾಗ್ ಒಪ್ಪಂದದ ಮಾತು ಮಾತ್ರ ಚುನಾವಣೆ ಬಂದಾಗಲೆಲ್ಲ ಎದ್ದು ಕುಳಿತುಕೊಳ್ಳುತ್ತದೆ.

ಹೈಕೋರ್ಟಿಗೆ ಹೋದವನು ಅಲ್ಲಿ ಏನನ್ನು ನಿರೀಕ್ಷಿಸಬಹುದು? ಇಲ್ಲಿಯೇ ನಮ್ಮ ಜನರಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಇಂಗ್ಲೆಂಡಿನ ಇಂದಿನ ವ್ಯವಸ್ಥೆಯನ್ನು ನೋಡಿದರೆ ವಿಷಯ ನಿಚ್ಚಳವಾಗುತ್ತದೆ. 1947ರ ಪಟ್ಟಣ ಮತ್ತು ಗ್ರಾಮ ಯೋಜನಾ ಕಾಯಿದೆಯ ತರುವಾಯ ಅಲ್ಲಿ ಅನುಮತಿಯಿಲ್ಲದೆ ಭೂಮಿಯ ಉಪಯೋಗವನ್ನು ಬದಲಿಸುವಂತಿಲ್ಲ. ಸ್ಥಳೀಯ ಸಂಸ್ಥೆ ನಿರಾಕರಿಸಿದರೆ ಮಂತ್ರಿಗೆ ಅಪೀಲು. ಸಾಮಾನ್ಯವಾಗಿ ಮಂತ್ರಿಯ ಪರವಾಗಿ ಇನ್‌ಸ್ಪೆಕ್ಟರನೇ ತೀರ್ಮಾನಿಸುತ್ತಾನೆ. ಅದೂ ವಜಾ ಆದರೆ 1990ರ ಕಾಯಿದೆಯ 288ನೇ ಕಲಮಿನಂತೆ ಹೈಕೋರ್ಟಿಗೆ ಹೋಗಬಹುದು. ಆದರೆ ಆರು ವಾರದೊಳಗೆ ಹೋಗಬೇಕು. 2015ರ ಅಕ್ಟೋಬರಿನಿಂದ ಈಚೆಗೆ, ಮೊಕದ್ದಮೆ ನಡೆಸಲು ಮೊದಲು ನ್ಯಾಯಾಲಯದ ಪರವಾನಗಿಯೂ ಬೇಕು. ಅಲ್ಲಿ ಎತ್ತಬಹುದಾದ ಪ್ರಶ್ನೆಗಳು ಎರಡೇ ಬಗೆಯವು: ತೀರ್ಮಾನವು ಕಾಯಿದೆ ಕೊಟ್ಟ ಅಧಿಕಾರದ ಒಳಗಿತ್ತೇ? ವಿಧಿಸಿದ ಕ್ರಮವನ್ನು ಪಾಲಿಸದೆ ಅರ್ಜಿದಾರನಿಗೆ ಹಾನಿಯಾಯಿತೇ? ಕಟ್ಟಡ ಚೆನ್ನಾಗಿದೆಯೇ, ಬೀದಿಗೆ ಒಪ್ಪುತ್ತದೆಯೇ ಎಂಬುದನ್ನು ನ್ಯಾಯಾಧೀಶರು ವಿಚಾರಿಸುವುದೇ ಇಲ್ಲ.

ಉಪಾಧ್ಯಾಯ ವೃತ್ತಿಯವರಿಗೆ ಇದನ್ನು ವಿವರಿಸುವುದು ಸುಲಭ. ಪರೀಕ್ಷೆಯಲ್ಲಿ ಅಂಕಗಳ ಮರು ಎಣಿಕೆ ಬೇರೆ, ಉತ್ತರಪತ್ರಿಕೆಯ ಮರು ಮೌಲ್ಯಮಾಪನ ಬೇರೆ. ಪರೀಕ್ಷಕರು ಒಂದು ಪುಟವನ್ನು ಓದದೆ ಬಿಟ್ಟಿದ್ದಾರೆ, ಕೂಡಿಸುವುದರಲ್ಲಿ ತಪ್ಪಿದ್ದಾರೆ, ಪಾಠದಲ್ಲಿಲ್ಲದ ಪ್ರಶ್ನೆಗೆ ಅಂಕ ಕಳೆದಿದ್ದಾರೆ ಎಂದು ತೋರಿಸಿದರೆ ಮರು ಎಣಿಕೆಯವರು ಕಿವಿಗೊಡುತ್ತಾರೆ. ‘ನನ್ನ ಪ್ರಬಂಧ ಇನ್ನೂ ಮೇಲ್ಮಟ್ಟದ್ದು’ ಎಂದರೆ ಕಿವಿಗೊಡುವುದಿಲ್ಲ. ರಿಟ್ಟಿನ ನ್ಯಾಯಾಲಯವು ಬಹುಮಟ್ಟಿಗೆ ಮರು ಎಣಿಕೆಯ ಕೋಣೆ. ಅಲ್ಲಿ ಗೆದ್ದರೂ ಸಾಮಾನ್ಯವಾಗಿ ಸಿಗುವುದು ಅನುಮತಿಯಲ್ಲ. ಹಳೆಯ ತೀರ್ಮಾನ ರದ್ದಾಗಿ ಕಡತ ಅದೇ ಕಚೇರಿಗೆ ಮರಳುತ್ತದೆ. ಕ್ರಮ ತಪ್ಪದೆ ವಿಚಾರಿಸಿ ಆ ಕಚೇರಿ ಎರಡನೆಯ ಬಾರಿಯೂ ನಿರಾಕರಿಸಬಹುದು. ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ನಮ್ಮ ಗಾದೆ ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಹಾಗೆಂದು ಈ ಕೋಣೆಯನ್ನು ಹಗುರವಾಗಿ ಕಾಣಬಾರದು. ಉಡುಪಿಯ ಒಂದು ಪ್ರಕರಣವನ್ನು ನೋಡಿ. ದಕ್ಷಿಣ ಕನ್ನಡವೂ ನಮ್ಮಂತೆಯೇ ಮದರಾಸು ಪ್ರಾಂತದಲ್ಲಿದ್ದು 1956ರಲ್ಲಿ ಮೈಸೂರಿಗೆ ಸೇರಿದ್ದು. ಅಲ್ಲಿ ವಸತಿ ಪ್ರದೇಶವೊಂದರಲ್ಲಿ ಕಲ್ಯಾಣಮಂಟಪ ಮತ್ತು ಉಪನ್ಯಾಸ ಮಂದಿರಕ್ಕೆಂದು ಪಡೆದ ಅನುಮತಿಯನ್ನು ಚಿತ್ರಮಂದಿರಕ್ಕೆ ತಿರುಗಿಸಲು ಪುರಸಭೆ ಒಪ್ಪಿತು. ಪಟ್ಟಣ ಯೋಜನೆಯ ಪ್ರಕಾರ ಆ ಸ್ಥಳದಲ್ಲಿ ಚಿತ್ರಮಂದಿರಕ್ಕೆ ಅವಕಾಶವಿರಲಿಲ್ಲ. ಅಲ್ಲಿನ ನಿವಾಸಿ ರಾಮದಾಸ ಶೆಣೈ ಎಂಬವರು ರಿಟ್ಟು ಹಾಕಿದರು. ಮೈಸೂರು ಹೈಕೋರ್ಟು, ಯೋಜನೆಗೆ ವಿರುದ್ಧವಾದದ್ದು ಹೌದೆಂದು ಕಂಡರೂ, ಕಟ್ಟಡಕ್ಕೆ ಆಗಲೇ ಅಪಾರ ಹಣ ಖರ್ಚಾಗಿದೆಯೆಂದು ಕೈಹಾಕಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಪುರಸಭೆಯು ತನಗಿಲ್ಲದ ಅಧಿಕಾರವನ್ನು ಚಲಾಯಿಸಿದರೆ ಯಾರ ಮೌನದಿಂದಲೂ ಯಾರ ಖರ್ಚಿನಿಂದಲೂ ಅದು ಅಧಿಕಾರವಾಗುವುದಿಲ್ಲ. ಯೋಜನೆಯನ್ನು ಪಾಲಿಸಬೇಕೆಂದು ಕೇಳುವ ಹಕ್ಕು ಅಲ್ಲಿ ವಾಸಿಸುವವನಿಗೆ ಇದೆ ಎಂಬುದು ಆ ತೀರ್ಪಿನ ತಿರುಳು. 1991ರಲ್ಲಿ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಉದ್ಯಾನದ ಜಾಗವನ್ನು ಖಾಸಗಿ ಶುಶ್ರೂಷಾಲಯಕ್ಕೆ ಕೊಟ್ಟದ್ದನ್ನು ಮುದ್ದಪ್ಪ ಮತ್ತಿತರ ನಿವಾಸಿಗಳು ಪ್ರಶ್ನಿಸಿದಾಗಲೂ ಸುಪ್ರೀಂ ಕೋರ್ಟು ಇದೇ ಹಾದಿ ಹಿಡಿಯಿತು.

ಈ ಎರಡರಲ್ಲೂ ಕೋರ್ಟಿಗೆ ಹೋದವರು ಅನುಮತಿ ಸಿಗದವರಲ್ಲ, ಬೇರೊಬ್ಬರಿಗೆ ಸಿಕ್ಕ ಅನುಮತಿಯಿಂದ ನೊಂದ ನೆರೆಹೊರೆಯವರು. ನಿರಾಕರಣೆಗೆ ಒಳಗಾದವನಿಗೂ ಅಳತೆಗೋಲು ಅದೇ. ಕಾರಣವೇ ಬರೆಯದ ಹಿಂಬರಹ, ಅಹವಾಲು ಕೇಳದೆ ಕೊಟ್ಟ ಆಜ್ಞೆ, ಕಾಯಿದೆಯಲ್ಲಿಲ್ಲದ ಷರತ್ತು ಹಾಕಿ ತಿರಸ್ಕರಿಸಿದ ನಕ್ಷೆ, ಇವು ರಿಟ್ಟಿಗೆ ನಿಲ್ಲುವ ದೂರುಗಳು.

ನಮ್ಮ ಸೀಮೆಯವರಿಗೆ ಇವುಗಳ ಮೇಲೆ ಭಾಷೆಯ ತೊಡಕೂ ಒಂದಿದೆ. ಸಂವಿಧಾನದ 350ನೇ ವಿಧಿಯು, ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಹಾಲಹರ್ವಿಯವನು ಕನ್ನಡದಲ್ಲೇ ಬರೆದುಕೊಡಬಹುದು. ಭಾಷೆಯ ಕಾರಣಕ್ಕೆ ಅದನ್ನು ಹಿಂದಿರುಗಿಸುವಂತಿಲ್ಲ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಮಾತ್ರ ಆ ವಿಧಿ ಹೇಳುವುದಿಲ್ಲ. ಉತ್ತರ ತೆಲುಗಿನಲ್ಲಿ ಬರುತ್ತದೆ. ಹೈಕೋರ್ಟಿನ ಕಲಾಪ 348ನೇ ವಿಧಿಯಂತೆ ಇಂಗ್ಲಿಷಿನಲ್ಲಿ. ಒಂದು ಮನೆಯ ಮುಂಗಟ್ಟಿನ ವಿಷಯಕ್ಕೆ ಮೂರು ಭಾಷೆಗಳ ಕಡತ ಸಿದ್ಧವಾಗಬೇಕು. ತೆಲುಗು ಮಾತಾಡಲು ನಮಗೆಲ್ಲರಿಗೂ ಚೆನ್ನಾಗಿಯೇ ಬರುತ್ತದೆ. ಆಜ್ಞೆಯ ತೆಲುಗನ್ನು ಓದಿ ಅರ್ಥಮಾಡಿಕೊಳ್ಳುವುದು ಬೇರೆ ಮಾತು.

ತಡವಾಗುವುದು ಇಲ್ಲಿಯೇ. ನಮ್ಮಲ್ಲಿ ರಿಟ್ಟಿಗೆ ಇಂಗ್ಲೆಂಡಿನಂತೆ ಆರು ವಾರದ ಗಡುವಿಲ್ಲ. ಆದರೆ ಕಾರಣವಿಲ್ಲದೆ ವಿಳಂಬ ಮಾಡಿದವನನ್ನು ನ್ಯಾಯಾಲಯ ಹಿಂದಕ್ಕೆ ಕಳುಹಿಸಬಹುದು. ಅರ್ಥವಾಗದ ಕಾಗದವನ್ನು ದೇವರ ಗೂಡಿನಲ್ಲಿಟ್ಟು, ಸುಗ್ಗಿ ಮುಗಿಯಲಿ, ಮಗ ಬೆಂಗಳೂರಿನಿಂದ ಬರಲಿ ಎಂದು ಕಾಯುವ ಮನೆಗಳು ನಮಗೆ ಗೊತ್ತು. ಆಜ್ಞೆ ಕೈಗೆ ಬಂದ ದಿನವೇ ಅದರ ಮೇಲೆ ತಾರೀಖು ಬರೆದು, ಲಕೋಟೆಯನ್ನು ಬಿಸಾಡದೆ ಜೊತೆಗಿಟ್ಟು, ಇಡೀ ಆಜ್ಞೆಯ ಕನ್ನಡ ಅನುವಾದವನ್ನು ಒಬ್ಬ ಬಲ್ಲವರಿಂದ ಮಾಡಿಸಬೇಕು. ಅಧಿಕಾರಿ ಕೊಟ್ಟ ಕಾರಣ ಯಾವುದು, ಯಾವ ಕಲಮಿನ ಅಡಿಯಲ್ಲಿ, ನಮ್ಮ ಅಹವಾಲನ್ನು ಎಲ್ಲಿ ಉಲ್ಲೇಖಿಸಿದ್ದಾರೆ ಎಂಬ ಮೂರನ್ನು ಗುರುತಿಸಿಕೊಂಡು ವಕೀಲರ ಬಳಿಗೆ ಹೋಗಬೇಕು. ಆದವಾನಿ, ಆಲೂರುಗಳಲ್ಲಿ ಕನ್ನಡ ಶಾಲೆಗಳಿಂದ ನಿವೃತ್ತರಾದ ಉಪಾಧ್ಯಾಯರಿಗೆ ಕೊರತೆಯಿಲ್ಲ. ಅವರಲ್ಲಿ ಹಲವರಿಗೆ ಮೂರು ಭಾಷೆಗಳೂ ಬರುತ್ತವೆ. ಸಂಘದ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ಅವರು ಕುಳಿತು ಇಂಥ ಕಾಗದಗಳನ್ನು ಓದಿಕೊಡುವ ಏರ್ಪಾಡು ಆಗಬೇಕೆಂದು ನಾವು ಕಾರ್ಯಕಾರಿ ಸಮಿತಿಯವರನ್ನು ಕೋರುತ್ತೇವೆ. ಮೊದಲ ಸಂಜೆಗೆ ನಾವೇ ಬರಲು ಸಿದ್ಧರಿದ್ದೇವೆ.